ಪಿಕ್ ನೇರವೋ, ಓರೆಯೋ? ನನ್ನ ಓಟು ಓರೆಗೆ

ಗಿಟಾರ್ ತಂತಿ ಮೀಟುವ ಪುಟ್ಟ ಬಿಲ್ಲೆ, ಅಂದರೆ ಪಿಕ್, ಅದನ್ನು ನೇರ ಹಿಡಿಯಬೇಕೋ ಓರೆಯಾಗಿ ಹಿಡಿಯಬೇಕೋ ಎಂಬ ಯೋಚನೆ ಶುರುವಾಗಿದ್ದು ಹೊಸದೊಂದನ್ನು ಕೊಂಡ ಮೇಲೆ. ಮೊದಲು ಕೈಯಲ್ಲಿದ್ದದ್ದು ಡನ್‌ಲಪ್ ಟಾರ್ಟೆಕ್ಸ್ ಹಳದಿ, ದಪ್ಪ 0.73 ಮಿ.ಮೀ. ಈಗ ಅದೇ ಕಂಪನಿಯ ಜಾಝ್ 3, 1.38 ಮಿ.ಮೀ. ಕೊಟ್ಟ ಕಾಸಿಗೆ ಮೋಸವಿಲ್ಲ. ಹಳದಿಯದು ಓರೆಯಾಗಿ ಹಿಡಿದರೆ ತುದಿ ಬಾಗಿಬಿಡುತ್ತಿತ್ತು, ಕೋನ ಬದಲಾಯಿಸಿದ್ದೇ ಗೊತ್ತಾಗುತ್ತಿರಲಿಲ್ಲ. ಇದು ಬಾಗುವುದಿಲ್ಲ.

ನೇರ ಹಿಡಿತ ಒಂದೇ ತಂತಿಯ ಮೇಲೆ ಸಲೀಸು. ಟ್ರೆಮೊಲೊಗೆ, ಅಂದರೆ ಒಂದೇ ಸ್ವರವನ್ನು ಬೇಗಬೇಗ ಮೀಟುವುದಕ್ಕೆ, ಇದೇ ಸಾಕು. ತಂತಿಯಿಂದ ತಂತಿಗೆ ದಾಟುವಾಗ ಮಾತ್ರ ಪಿಕ್ ಎರಡು ತಂತಿಗಳ ಸಂದಿಯಲ್ಲಿ ಕೂತಿರುತ್ತದೆ, ಎತ್ತಿ ಹಾರಿಸಬೇಕು. ತಾಳ ಹಿಡಿಯುವ ಮೆಟ್ರೊನೋಮ್‌ನ ವೇಗ ಏರಿಸಿದರೆ ಪಕ್ಕದ ತಂತಿಯೂ ಕಿರ್ರೆನ್ನುತ್ತದೆ.

ಕೆಳಮುಖದ ಓರೆ ಅಂದರೆ ಬೆರಳು ಹಿಡಿದ ಭಾಗ ಸ್ವಲ್ಪ ನೆಲದ ಕಡೆ ಬಾಗಿರಬೇಕು. ಆಗ ಕೆಳಕ್ಕೆ ಹೊಡೆಯುವ ಡೌನ್ ಸ್ಟ್ರೋಕ್ ತಂತಿಗಳ ಒಳಗೆ ಇಳಿಯುತ್ತದೆ, ಮೇಲಕ್ಕೆ ಎಳೆಯುವ ಅಪ್ ಸ್ಟ್ರೋಕ್ ತಾನಾಗಿ ಗಾಳಿಗೆ ಬರುತ್ತದೆ. ಅಪ್ ಮುಗಿಸಿ ದಾಟಿದರೆ ಯಾವ ತಂತಿಗಾದರೂ ಹೋಗಬಹುದು. ಐದು ಸ್ವರದ ಮೈನರ್ ಪೆಂಟಾಟೋನಿಕ್, ಅಂದರೆ ನಮ್ಮ ಶುದ್ಧ ಧನ್ಯಾಸಿ ರಾಗದ ಸ್ವರಗಳು, ಒಂದೊಂದು ತಂತಿಗೆ ಎರಡೆರಡು ಬರುತ್ತವೆ. ಡೌನ್, ಅಪ್, ದಾಟು. ಇದಕ್ಕೆ ಹೇಳಿ ಮಾಡಿಸಿದ ಹಿಡಿತ.

ಕಿರಿಕಿರಿ ಒಂದೇ, ಆದರೆ ದೊಡ್ಡದು. ತಂತಿಗೆ ಮೂರು ಸ್ವರ ಬಂದಾಗ ಕೊನೆಯದು ಡೌನ್ ಆಗುತ್ತದೆ. ಆರೋಹಣದಲ್ಲಿ ಪರವಾಗಿಲ್ಲ. ಪಿಕ್ ಹೋಗಿ ಮುಂದಿನ ತಂತಿಗೇ ಒರಗಿರುತ್ತದೆ, ಅದೇ ಹೊಡೆತ ಮುಂದುವರಿಸಿದರೆ ಆಯಿತು. ಅವರೋಹಣದಲ್ಲಿ ನೋಡಿ ಫಜೀತಿ. ಬಿ ತಂತಿಯಲ್ಲಿ (ಕೆಳಗಿನಿಂದ ಎರಡನೆಯದು) ಡೌನ್-ಅಪ್-ಡೌನ್ ಮುಗಿದಾಗ ಪಿಕ್ ತೆಳ್ಳನೆಯ ಇ ತಂತಿಗೆ ತಾಗಿ ನಿಂತಿರುತ್ತದೆ. ಮುಂದಿನ ಸ್ವರ ಇರುವುದು ಜಿ ಮೇಲೆ. ನಡುವೆ ಬಿ ಅಡ್ಡ! ಅವಸರದಲ್ಲಿ ಎಳೆದರೆ ಬಿ ಇನ್ನೊಂದು ಸಲ ನುಡಿದುಬಿಡುತ್ತದೆ.

ಮಣಿಕಟ್ಟು ತಿರುಗಿಸಿ, ಆ ಒಂದು ಕ್ಷಣ ಕೋನ ಬದಲಿಸಿ ನೋಡಿದೆ. ಆಗುತ್ತದೆ, ಆದರೆ ತಾಳ ಅಲುಗುತ್ತದೆ. ಕೊನೆಗೆ ಒಗ್ಗಿದ್ದು ಗಿಟಾರ್ ವಾದಕ ಯಂಗ್ವಿ ಮಾಲ್ಮ್‌ಸ್ಟೀನ್ ಬಳಸುವ ದಾರಿ: ಡೌನ್, ಅಪ್, ಮೂರನೆಯದು ಎಡಗೈಯ ಪುಲ್-ಆಫ್, ಅಂದರೆ ಪಿಕ್ ಮುಟ್ಟಿಸದೆ, ತಂತಿ ಒತ್ತಿದ ಬೆರಳನ್ನೇ ಎಳೆದು ಬಿಡುವುದು. ಕೊನೆಯ ಹೊಡೆತ ಅಪ್ ಆಯಿತಲ್ಲ, ಪಿಕ್ ಹೊರಗೇ ಇರುತ್ತದೆ. ಅಕೂಸ್ಟಿಕ್‌ನಲ್ಲಿ ಆ ಮೂರನೇ ಸ್ವರ ಸ್ವಲ್ಪ ಮೆತ್ತಗೆ ಕೇಳುತ್ತದೆ. ಓವರ್‌ಡ್ರೈವ್ (ದನಿಯನ್ನು ಒರಟು ಮಾಡುವ ಎಫೆಕ್ಟ್) ಹಾಕಿದ ಎಲೆಕ್ಟ್ರಿಕ್‌ನಲ್ಲಿ ಗೊತ್ತೇ ಆಗಲ್ಲ.

ಮೇಲ್ಮುಖದ ಓರೆ ಇದರ ತಿರುಗುಮುರುಗು, ಡೌನ್ ಸ್ಟ್ರೋಕ್ ಹೊರಗೆ ಬರುತ್ತದೆ. ನನ್ನ ಎರಡು ಸ್ವರದ ಪಟ್ಟುಗಳಿಗೆ ಅದು ಹೊಂದುವುದಿಲ್ಲ.

ಇನ್ನೊಬ್ಬ ಗಿಟಾರ್ ವಾದಕ ಫ್ರಾಂಕ್ ಗ್ಯಾಂಬೇಲ್ ಶೈಲಿಯ ಎಕಾನಮಿ ಪಿಕಿಂಗ್ ಕೇಳಲು ಚೆಂದ. ಎರಡೂ ದಿಕ್ಕಿನಲ್ಲಿ ತಂತಿಯಿಂದ ತಂತಿಗೆ ಜಾರುತ್ತಾ ಹೋಗುವುದು. ನನ್ನ ಕೈಯಲ್ಲಿ ಮಾತ್ರ ದಾಟುವ ಸ್ವರ ತಾಳಕ್ಕಿಂತ ಮುಂಚೆಯೇ ಓಡುತ್ತದೆ.

ನಾನು ನುಡಿಸುವುದು ರಾತ್ರಿ ಊಟ ಆದ ಮೇಲೆ, ಹೆಚ್ಚಾಗಿ ಪೆಂಟಾಟೋನಿಕ್, ಹೆಡ್‌ಫೋನ್ ಹಾಕಿಕೊಂಡು. ಅಷ್ಟಕ್ಕೆ ಕೆಳಮುಖದ ಓರೆ ಮತ್ತು ಒಂದು ದಪ್ಪ ಪಿಕ್ ಬೇಕಾದಷ್ಟಾಯಿತು. ಖರ್ಚೂ ಒಂದು ಸೆಟ್ ತಂತಿಗಿಂತ ಕಮ್ಮಿ. ಬರೀ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬಾರಿಸುವವರು ಆ ಹಳದಿಯನ್ನೇ ಇಟ್ಟುಕೊಳ್ಳಿ, ಸ್ಟ್ರಮ್ಮಿಂಗ್‌ಗೆ ಜಾಝ್ 3 ಬಿರುಸು.