‘ನೈಂಟಿ ಆಯಿಲ್ ಕೊಡಿ’ ಎಂದರೆ ಸಾಲದು: ಕಾರಿನ ಗೇರ್ ಆಯಿಲ್‌ಗಳ ವಿಮರ್ಶೆ

ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ‘ಎರಡು ಲೀಟರ್ ನೈಂಟಿ ಆಯಿಲ್ ಕೊಡಿ’ ಎಂದರೆ ಮರುಪ್ರಶ್ನೆ ಬರುವುದು ಕಡಿಮೆ. ಕಪಾಟಿನಿಂದ ಒಂದು ಡಬ್ಬಿ ಇಳಿದು ಬರುತ್ತದೆ. ಅದು ಲಾರಿಯ ಹಿಂದಿನ ಹೌಸಿಂಗ್‌ಗೆ (ಡಿಫರೆನ್ಶಿಯಲ್ ಇರುವ ಆಕ್ಸಲ್ ಗೂಡಿಗೆ) ಹೇಳಿ ಮಾಡಿಸಿದ್ದೂ ಆಗಿರಬಹುದು, ನಿಮ್ಮ ಹ್ಯಾಚ್‌ಬ್ಯಾಕಿನ ಗೇರ್‌ಬಾಕ್ಸಿಗೆ ತಕ್ಕದ್ದೂ ಆಗಿರಬಹುದು. 90 ಎಂಬ ಅಂಕಿ ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ; ಕಾದಾಗ ಆಯಿಲ್ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದಷ್ಟೇ ಅದರ ಲೆಕ್ಕ. ಪೇಟೆಯಲ್ಲಿರುವ ಕೆಲವು ಗೇರ್ ಆಯಿಲ್‌ಗಳನ್ನು ಇಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡು ತೂಗಿದೆ: ಮುಂದಿನ ಚಕ್ರ ಎಳೆಯುವ, ಐದು ಗೇರಿನ, ಹಿತ್ತಾಳೆ ಸಿಂಕ್ರೊ ರಿಂಗ್ (ಗೇರ್ ಬೀಳುವಾಗ ವೇಗ ಹೊಂದಿಸುವ ಬಳೆ) ಇರುವ ಸಾಮಾನ್ಯ ಕಾರಿಗೆ ಇದು ಆಗುತ್ತದೆಯೇ?

ಮೊದಲು ನೋಡಬೇಕಾದ್ದು ಜಿಎಲ್ ನಂಬರ್. ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ವರ್ಗೀಕರಣದಲ್ಲಿ ಕಾರಿನವರಿಗೆ ಸಂಬಂಧಪಡುವುದು ಎರಡೇ: ಜಿಎಲ್-4 ಮತ್ತು ಜಿಎಲ್-5. ಐದು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಒಳ್ಳೆಯದು ಎಂದು ಕೌಂಟರಿನಲ್ಲಿ ಹೇಳುವವರಿದ್ದಾರೆ. ಶಾಲೆಯ ತರಗತಿಗಳ ಹಾಗೆ ಇದು ಮೇಲೇರುವ ಮೆಟ್ಟಿಲಲ್ಲ. ಎರಡೂ ಬೇರೆ ಬೇರೆ ಕೆಲಸದ ಹೆಸರು. ಹಿಂದಿನ ಚಕ್ರ ಎಳೆಯುವ ವಾಹನಗಳ ಡಿಫರೆನ್ಶಿಯಲ್‌ನಲ್ಲಿ, ಅಂದರೆ ಎಡ–ಬಲ ಚಕ್ರಗಳಿಗೆ ಬಲ ಹಂಚುವ ಭಾಗದಲ್ಲಿ, ಕ್ರೌನ್ (ದೊಡ್ಡ ಗೇರು), ಪಿನಿಯನ್ (ಸಣ್ಣ ಗೇರು) ಎರಡೂ ಹೈಪಾಯ್ಡ್ ಜೋಡಣೆಯಲ್ಲಿರುತ್ತವೆ: ಒಂದರ ನಡುಗೆರೆ ಇನ್ನೊಂದರದಕ್ಕಿಂತ ಪಕ್ಕಕ್ಕೆ ಸರಿದಿರುತ್ತದೆ. ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಭಾರಿ ಒತ್ತಡದಲ್ಲಿ ಜಾರುತ್ತವೆ. ಅಲ್ಲಿ ಲೋಹಕ್ಕೆ ಲೋಹ ಅಂಟಿ ಕಿತ್ತುಬರದಿರಲೆಂದು ಗಂಧಕ–ರಂಜಕದ ರಾಸಾಯನಿಕಗಳನ್ನು ಧಾರಾಳವಾಗಿ ಬೆರೆಸುತ್ತಾರೆ. ಅದು ಜಿಎಲ್-5. ಜಿಎಲ್-4ರಲ್ಲಿ ಅವುಗಳ ಪ್ರಮಾಣ ಹೆಚ್ಚುಕಡಿಮೆ ಅದರ ಅರ್ಧ.

ಗೇರ್‌ಬಾಕ್ಸಿನೊಳಗಿನ ಕಥೆ ಬೇರೆ. ಗೇರ್ ಬೀಳುವ ಮುನ್ನ ಎರಡು ಭಾಗಗಳ ವೇಗ ಒಂದಾಗಬೇಕು. ಆ ಕೆಲಸ ಸಿಂಕ್ರೊ ರಿಂಗಿನದು. ಅದು ಗೇರಿನ ಶಂಕುವಿನಂಥ ಭಾಗವನ್ನು ಒತ್ತಿ ಹಿಡಿದು, ತನ್ನ ಒಳಮೈಯ ಸಣ್ಣ ಗೀರುಗಳಿಂದ ಆಯಿಲ್ ಪದರವನ್ನು ಬಳಿದು ಹಾಕಿ, ಉಜ್ಜಿ ವೇಗ ಹೊಂದಿಸುತ್ತದೆ. ಅಂದರೆ ಅದೊಂದು ಪುಟ್ಟ ಬ್ರೇಕ್. ಬ್ರೇಕಿಗೆ ಬೇಕಾದ್ದು ಹಿಡಿತ, ಜಾರಿಕೆಯಲ್ಲ. ಜಿಎಲ್-5ರ ರಾಸಾಯನಿಕ ಪದರ ಆ ಮೇಲ್ಮೈಯಲ್ಲಿ ಕೂತರೆ ರಿಂಗು ಹಿಡಿಯುವ ಬದಲು ಜಾರುತ್ತದೆ. ಮೂರರಿಂದ ಎರಡಕ್ಕೆ ಇಳಿಸುವಾಗ ‘ಕರ್ರ್’ ಎಂಬ ಸದ್ದು ಬರುವುದು ಆಗ. ಇನ್ನೊಂದು ತೊಂದರೆ ನಿಧಾನದ್ದು: ಕ್ರಿಯಾಶೀಲ ಗಂಧಕ ಬಿಸಿಯಲ್ಲಿ ಹಿತ್ತಾಳೆ, ಕಂಚುಗಳನ್ನು ಕಪ್ಪಾಗಿಸಿ ಕ್ರಮೇಣ ತಿನ್ನುತ್ತದೆ. ಇದನ್ನು ಅಳೆಯಲು ಎಎಸ್‌ಟಿಎಂ ಡಿ130 ಪರೀಕ್ಷೆಯಿದೆ. ತಾಮ್ರದ ಪಟ್ಟಿಯನ್ನು 121 ಡಿಗ್ರಿ ಸೆಲ್ಸಿಯಸ್ ಆಯಿಲ್‌ನಲ್ಲಿ 3 ಗಂಟೆ ಮುಳುಗಿಸಿ, ಬಣ್ಣ ಎಷ್ಟು ಕೆಟ್ಟಿತು ಎಂದು 1ರಿಂದ 4ರವರೆಗೆ ಅಂಕ ಕೊಡುತ್ತಾರೆ. 1 ಎಂದರೆ ಹೊಳಪು ಸ್ವಲ್ಪ ಮಾಸಿದೆ. 4 ಎಂದರೆ ಸವೆತ. ಜಿಎಲ್-5ಕ್ಕೆ 3ರವರೆಗೂ ಅವಕಾಶವಿದೆ. ಕಂಪನಿಯ ಡೇಟಾ ಶೀಟಿನಲ್ಲಿ ಈ ಸಾಲಿನ ಮುಂದೆ 1ಎ ಅಥವಾ 1ಬಿ ಇದ್ದರೆ ಹಿತ್ತಾಳೆ, ಕಂಚಿನ ಚಿಂತೆ ಬಿಡಬಹುದು. ಈಗಿನ ಒಳ್ಳೆಯ ಜಿಎಲ್-5 ಆಯಿಲ್‌ಗಳು ಹಿತ್ತಾಳೆಯನ್ನು ಮೊದಲಿನಷ್ಟು ತಿನ್ನುವುದಿಲ್ಲ ಎಂಬುದೂ ನಿಜ. ಆದರೆ ರಿಂಗ್ ಜಾರುವ ತೊಂದರೆ ಅದರಿಂದ ತಪ್ಪುವುದಿಲ್ಲ.

ಇನ್ನು ದಪ್ಪ–ತೆಳುವಿನ ಮಾತು. ಗೇರ್ ಆಯಿಲ್‌ನ ಎಸ್‌ಎಇ ಜೆ306 ಮಾನದಂಡದ ಪ್ರಕಾರ 100 ಡಿಗ್ರಿಯಲ್ಲಿ ಮಂದತೆ 13.5ರಿಂದ 18.5 ಸೆಂಟಿಸ್ಟೋಕ್ (ಮಂದತೆಯ ಅಳತೆ) ಒಳಗಿದ್ದರೆ ಅದು 90. ಎಂಜಿನ್ ಆಯಿಲ್‌ನ 40 ಇರುವುದು 12.5ರಿಂದ 16.3. ಎರಡೂ ಬೇರೆ ಅಳತೆಗೋಲುಗಳು. 90 ಎಂದ ಮಾತ್ರಕ್ಕೆ ಎಂಜಿನ್ ಆಯಿಲ್‌ಗಿಂತ ಎರಡು ಪಟ್ಟು ಗಟ್ಟಿ ಎಂದೇನಿಲ್ಲ. ‘80ಡಬ್ಲ್ಯು-90’ ಎಂಬಲ್ಲಿ ಮೊದಲು ಬರುವ, ಡಬ್ಲ್ಯು ಇರುವ ಅಂಕಿ ಚಳಿಗೆ ಸಂಬಂಧಿಸಿದ್ದು: 75ಡಬ್ಲ್ಯುಗೆ ಮೈನಸ್ 40, 80ಡಬ್ಲ್ಯುಗೆ ಮೈನಸ್ 26 ಡಿಗ್ರಿಯ ಪರೀಕ್ಷೆ. ಕರ್ನಾಟಕದಲ್ಲಿ ಯಾರಿಗೆ ಬೇಕು ಮೈನಸ್ 40 ಎನ್ನಬಹುದು. ಆದರೆ ಮೈನಸ್‌ನಲ್ಲಿ ಹರಿಯುವ ಆಯಿಲ್ 12–15 ಡಿಗ್ರಿಯಲ್ಲೂ ಸಲೀಸಾಗಿ ಹರಿಯುತ್ತದೆ. ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಮೊದಲ ಎರಡು ಕಿಲೋಮೀಟರ್ ಎರಡನೇ ಗೇರು ಬಿಗಿಯಾಗಿ ಬೀಳುವುದು 80ಡಬ್ಲ್ಯು-90 ಇರುವ ಕಾರುಗಳಲ್ಲಿ ಹೆಚ್ಚು. ಮಂದ ಆಯಿಲನ್ನು ರಿಂಗು ಬಳಿದು ಹಾಕಲು ಹೊತ್ತು ಹಿಡಿಯುತ್ತದೆ, ಅಷ್ಟೇ. ರಾಯಚೂರು, ಕಲಬುರಗಿಯ ಬಿಸಿಲಿಗೆ ಗಟ್ಟಿ ಆಯಿಲ್ ಬೇಕು ಎಂಬ ಸಲಹೆಯನ್ನೂ ನಂಬಬೇಕಿಲ್ಲ. ಕೈಪಿಡಿ 75ಡಬ್ಲ್ಯು-80 ಎಂದಿದ್ದರೆ ಆ ಗೇರ್‌ಬಾಕ್ಸ್ ರೂಪಿಸಿದವರು 45 ಡಿಗ್ರಿ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ.

ಈಗ ಡಬ್ಬಿಗಳಿಗೆ ಬರೋಣ.

ಶೆಲ್ ಸ್ಪೈರಾಕ್ಸ್ ಸಾಲನ್ನು ಮೊದಲು ಮೆಚ್ಚಬೇಕಾದ್ದು ಹೆಸರಿಟ್ಟ ರೀತಿಗೆ. ಎಸ್2 ಜಿ 80ಡಬ್ಲ್ಯು-90 ಎಂದರೆ ಗೇರ್‌ಬಾಕ್ಸಿಗೆ, ಜಿಎಲ್-4. ಎಸ್2 ಎ 80ಡಬ್ಲ್ಯು-90 ಎಂದರೆ ಆಕ್ಸಲ್‌ಗೆ, ಜಿಎಲ್-5. ಒಂದು ಅಕ್ಷರ ನೋಡಿದರೆ ಸಾಕು. ನೋಡದಿದ್ದರೆ ಆ ಒಂದೇ ಅಕ್ಷರ ಕೈಕೊಡುತ್ತದೆ. ಎಸ್2 ಜಿ ಖನಿಜ ಆಯಿಲ್. ಕೈಪಿಡಿ 80ಡಬ್ಲ್ಯು-90 ಕೇಳುವ ಹಳೆಯ ಕಾರು, ಜೀಪುಗಳಿಗೆ ಹಣ ಉಳಿಸುವ ಸರಿಯಾದ ಆಯ್ಕೆ. 75ಡಬ್ಲ್ಯು-90 ಕೇಳುವ ಕಾರಿಗೆ ಎಸ್4 ಜಿ ಇದೆ, ಅದೂ ಜಿಎಲ್-4. ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವ ಆಯಿಲ್ ಇದು.

ಕ್ಯಾಸ್ಟ್ರಾಲ್‌ನದು ಇದೇ ಕಥೆ, ಸ್ವಲ್ಪ ಹೆಚ್ಚು ಗೊಂದಲದೊಂದಿಗೆ. ಇಪಿ ಎಂದರೆ ಜಿಎಲ್-4, ಇಪಿಎಕ್ಸ್ ಎಂದರೆ ಜಿಎಲ್-5. ಸಿಂತೆಟಿಕ್‌ಗೆ ಬಂದರೆ ಗೇರ್‌ಬಾಕ್ಸಿನದು ಸಿಂಟ್ರಾನ್ಸ್, ಆಕ್ಸಲ್‌ನದು ಸಿಂಟ್ರಾಕ್ಸ್. ಆಮೇಲೆ ಎರಡನ್ನೂ ಟ್ರಾನ್ಸ್‌ಮ್ಯಾಕ್ಸ್ ಎಂಬ ಹೆಸರಿನ ಕೆಳಗೆ ತಂದು, ಮ್ಯಾನ್ಯುಯಲ್, ಆಕ್ಸಲ್ ಎಂದು ಸೇರಿಸಿದರು. ಹೆಸರನ್ನು ಫೋನಿನಲ್ಲಿ ಹೇಳಿ ತರಿಸಿಕೊಳ್ಳುವವರು ಎಚ್ಚರದಿಂದಿರಬೇಕು. ಆಯಿಲ್ ವಿಚಾರಕ್ಕೆ ಬಂದರೆ 75ಡಬ್ಲ್ಯು-90 ಮಲ್ಟಿವೆಹಿಕಲ್ ಜಿಎಲ್-4 ಯಾವ ತಕರಾರೂ ಇಲ್ಲದ ಆಯ್ಕೆ. ಮೊಬಿಲ್‌ನಲ್ಲಿ ಮೊಬಿಲ್ಯೂಬ್ ಎಚ್‌ಡಿ 80ಡಬ್ಲ್ಯು-90 ಎಂಬ ಡಬ್ಬಿ ಎದುರಾದರೆ ಅದು ಜಿಎಲ್-5. ಬೊಲೆರೊದ ಹಿಂದಿನ ಹೌಸಿಂಗ್‌ಗೆ ಅದು ಸರಿ, ಹ್ಯಾಚ್‌ಬ್ಯಾಕ್ ಗೇರ್‌ಬಾಕ್ಸಿಗೆ ಬೇಡ.

ಮೊಟುಲ್ ಗೇರ್ 300 75ಡಬ್ಲ್ಯು-90ರ ಸುತ್ತ ಇರುವಷ್ಟು ಮೋಹ ಬೇರೆ ಯಾವ ಗೇರ್ ಆಯಿಲ್‌ಗೂ ಇಲ್ಲ. ಎಸ್ಟರ್ ಆಧಾರದ ಸಿಂತೆಟಿಕ್, ರೇಸಿಂಗ್ ಗೇರ್‌ಬಾಕ್ಸಿನ ಹೆಸರು, ಮೇಲೆ ಜಿಎಲ್-4 ಮತ್ತು ಜಿಎಲ್-5 ಎರಡರ ಮುದ್ರೆ. ಎರಡೂ ಬರೆದಿರುವ ಡಬ್ಬಿಯನ್ನು ಜಿಎಲ್-5 ಎಂದೇ ಓದುವುದು ಒಳ್ಳೆಯದು: ಜಿಎಲ್-5ರ ಒತ್ತಡ ಪರೀಕ್ಷೆ ದಾಟಲು ಬೇಕಾದಷ್ಟು ರಾಸಾಯನಿಕ ಒಳಗೆ ಇದ್ದೇ ಇರುತ್ತದೆ. ಆಯಿಲ್ ಕೆಟ್ಟದ್ದಲ್ಲ, ಬಿಸಿ ತಡೆಯುವುದರಲ್ಲಿ ಗಟ್ಟಿ. ಡಿಫರೆನ್ಶಿಯಲ್ಲೂ ಗೇರ್‌ಬಾಕ್ಸೂ ಒಂದೇ ಆಯಿಲ್ ಹಂಚಿಕೊಳ್ಳುವ, ಆ ಡಿಫರೆನ್ಶಿಯಲ್ ಹೈಪಾಯ್ಡ್ ಆಗಿರುವ ಗಾಡಿಗಳಿಗೆ ಇಂಥದ್ದೇ ಬೇಕು. ಅಮೆರಿಕದಲ್ಲಿ ಮ್ಯಾನ್ಯುಯಲ್ ಸುಬಾರು ಓಡಿಸುವ ಕನ್ನಡಿಗರು ಜಿಎಲ್-5 ಹಾಕುವುದು ತಪ್ಪಲ್ಲ, ಅಲ್ಲಿ ಕೈಪಿಡಿಯೇ ಅದನ್ನು ಕೇಳುತ್ತದೆ. ಮುಂದಿನ ಚಕ್ರ ಎಳೆಯುವ ಮಾರುತಿ, ಹುಂಡೈಗಳಲ್ಲಿ ಎಂಜಿನ್ ಅಡ್ಡ ಕೂತಿರುವುದರಿಂದ ಡಿಫರೆನ್ಶಿಯಲ್ ತಿರುಗಿಸುವ ಗೇರುಗಳು ಸಾಮಾನ್ಯ ಹೆಲಿಕಲ್ (ಓರೆ ಹಲ್ಲಿನ) ಗೇರುಗಳೇ. ಅಲ್ಲಿ ಗೇರ್ 300ಕ್ಕೆ ಕೊಡುವ ಹೆಚ್ಚಿನ ದುಡ್ಡಿಗೆ ಸಿಗುವುದು ಬಹುಮಟ್ಟಿಗೆ ಹೆಸರು.

ದುಡ್ಡು ಸುರಿಯಲೇಬೇಕೆಂದಿದ್ದರೆ ರೆಡ್ ಲೈನ್ ಎಂಟಿ-90 ಅಥವಾ ಲಿಕ್ವಿ ಮೋಲಿಯ ಜಿಎಲ್4+ 75ಡಬ್ಲ್ಯು-90 ನೋಡಿ. ಇವು ಸಿಂಕ್ರೊ ರಿಂಗಿನ ಹಿಡಿತವನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಲಿಕ್ವಿ ಮೋಲಿಯಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುವ ಜಿಎಲ್5 75ಡಬ್ಲ್ಯು-90 ಡಬ್ಬಿಯೂ ಇದೆ, ಮತ್ತೆ ಅದೇ ಎಚ್ಚರಿಕೆ. ಕೈಪಿಡಿ ತೆಳು ಆಯಿಲ್ ಕೇಳಿದರೆ ರೆಡ್ ಲೈನ್‌ನದೇ ಎಂಟಿಎಲ್ 75ಡಬ್ಲ್ಯು-80 ಇದೆ. ಮುಂಜಾನೆಯ ಬಿಗಿ ಎರಡನೇ ಗೇರು ಇದರಿಂದ ಎದ್ದು ಕಾಣುವಷ್ಟು ಸಡಿಲವಾಗುತ್ತದೆ. ಸಾಮಾನ್ಯ ಬಳಕೆಯ ಆಲ್ಟೊಗೆ ಇಷ್ಟು ಖರ್ಚು ನಮ್ಮ ದೃಷ್ಟಿಯಲ್ಲಿ ಬೇಕಿಲ್ಲ.

ಹಾಗಾದರೆ ಕಂಪನಿಯ ಸ್ವಂತ ಡಬ್ಬಿ? ಹೆಚ್ಚಿನವರಿಗೆ ಅದೇ ಸರಿ. ಹುಂಡೈನ ಹಳೆಯ ಐ10, ಐ20ಗಳು 75ಡಬ್ಲ್ಯು-85 ಜಿಎಲ್-4 ಕೇಳಿದರೆ, ಹೊಸ ಹುಂಡೈ, ಕಿಯಾಗಳ ಹಲವು ಮಾದರಿಗಳು 70ಡಬ್ಲ್ಯು ಕೇಳುತ್ತವೆ. ಅಂಥದ್ದಕ್ಕೆ 80ಡಬ್ಲ್ಯು-90 ಹಾಕಿದರೆ ಗೇರ್‌ಬಾಕ್ಸ್ ಒಡೆಯದು, ಆದರೆ ಲಿವರ್ ಎಳೆಯುವ ಕೈಗೆ ಪ್ರತಿ ಸಿಗ್ನಲ್ಲಿನಲ್ಲೂ ಗೊತ್ತಾಗುತ್ತದೆ. ಹೋಂಡಾದ ಎಂಟಿಎಫ್ (ಅದರ ಸ್ವಂತ ಗೇರ್‌ಬಾಕ್ಸ್ ಆಯಿಲ್) ಎಂಜಿನ್ ಆಯಿಲ್‌ನಷ್ಟು ತೆಳು. ಅದು ಸಿಗದಿದ್ದರೆ ತಾತ್ಕಾಲಿಕವಾಗಿ ಎಂಜಿನ್ ಆಯಿಲ್ ಹಾಕಬಹುದೆಂದು ಹೋಂಡಾ ಕೈಪಿಡಿಯೇ ಹೇಳುತ್ತದೆ. ಹಾಗೆಂದು ಅದನ್ನೇ ಮುಂದುವರಿಸುವಂತಿಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾಗಳು ಜಿಎಲ್ ನಂಬರಿಗಿಂತ ತಮ್ಮ ಪಾರ್ಟ್ ನಂಬರನ್ನು ಮುಂದಿಡುತ್ತವೆ. ಅಲ್ಲಿ ಆ ನಂಬರ್ ಹೊಂದುವ ಡಬ್ಬಿಯನ್ನೇ ತೆಗೆದುಕೊಳ್ಳಿ. ಈಕೊದಂಥ ಹಿಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಗೇರ್‌ಬಾಕ್ಸಿಗೂ ಹೌಸಿಂಗ್‌ಗೂ ಒಂದೇ ಡಬ್ಬಿ ಖಾಲಿ ಮಾಡುವ ಗ್ಯಾರೇಜುಗಳಿವೆ. ಎರಡಕ್ಕೂ ಏನೇನು ಬೇಕೆಂದು ಕೈಪಿಡಿ ಬೇರೆ ಬೇರೆಯಾಗಿಯೇ ಬರೆದಿರುತ್ತದೆ. ಎಎಂಟಿ (ಕ್ಲಚ್, ಗೇರ್ ಎರಡನ್ನೂ ಯಂತ್ರವೇ ನೋಡಿಕೊಳ್ಳುವ) ಕಾರುಗಳಲ್ಲಿ ಒಳಗಿರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಆಯಿಲ್ ಲೆಕ್ಕವೂ ಅದೇ. ಗೇರ್ ಬದಲಿಸುವ ಹೈಡ್ರಾಲಿಕ್ ಭಾಗದ ಆಯಿಲ್ ಮಾತ್ರ ಬೇರೆ, ಎರಡನ್ನೂ ಕಲೆಸಬಾರದು.

ಹಾಕಿಸುವಾಗ ಕಣ್ಣಿಡಬೇಕಾದ ಕೆಲವು ವಿಷಯಗಳಿವೆ. ಈ ಗಾತ್ರದ ಕಾರುಗಳಿಗೆ ಸುಮಾರು 2 ಲೀಟರ್ ಸಾಕಾಗುತ್ತದೆ, ನಿಖರ ಅಳತೆ ಕೈಪಿಡಿಯಲ್ಲಿರುತ್ತದೆ. ಹತ್ತು ಹದಿನೈದು ನಿಮಿಷ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ, ಗಾಡಿಯನ್ನು ನಾಲ್ಕೂ ಕಡೆ ಸಮವಾಗಿ ಎತ್ತಬೇಕು. ಮೊದಲು ಬಿಚ್ಚಬೇಕಾದ್ದು ಆಯಿಲ್ ತುಂಬುವ ಮೇಲಿನ ಫಿಲ್ಲರ್ ಬೋಲ್ಟ್, ಕೆಳಗಿನದಲ್ಲ. ಇದನ್ನು ಮರೆಯುವವರೇ ಹೆಚ್ಚು. ಕೆಳಗಿನದನ್ನು ಬಿಚ್ಚಿ ಆಯಿಲೆಲ್ಲ ಇಳಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರಲೊಲ್ಲದು ಎಂದಾದರೆ ಕಾರು ಅಲ್ಲೇ ಕೂರಬೇಕು. ಡ್ರೈನ್ ಬೋಲ್ಟಿನಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣುಪಾದ ಕೆಸರು ಸಹಜ. ಚೂರುಗಳು ಸಿಕ್ಕರೆ ಗೇರ್ ಹಲ್ಲಿನದೋ ಬೇರಿಂಗಿನದೋ ಆಗಿರಬಹುದು. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದು ಇಳಿದ ಆಯಿಲಿನಲ್ಲಿ ಚಿನ್ನದ ಪುಡಿಯಂತೆ ಮಿನುಗುತ್ತದೆ. ಟ್ರೇಯನ್ನು ಬಿಸಿಲಿಗೆ ಹಿಡಿದು ಓಲಾಡಿಸಿದರೆ ಗೊತ್ತಾಗುತ್ತದೆ.

ಇಪ್ಪತ್ತು ನಿಮಿಷವಾದರೂ ತೊಟ್ಟಿಕ್ಕಲು ಬಿಡಬೇಕು. ವಾಷರ್ ಹೊಸದೇ ಹಾಕಿಸಿ. ಕೇಸಿಂಗ್ ಅಲ್ಯುಮಿನಿಯಂ ಆದ್ದರಿಂದ ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಬಲ ಹಾಕಿ ಬಿಗಿದರೆ ಥ್ರೆಡ್ ಕಿತ್ತುಹೋಗುತ್ತದೆ, ಆಮೇಲೆ ಅದರ ಖರ್ಚು ಆಯಿಲಿನದಕ್ಕಿಂತ ಜಾಸ್ತಿ. ಹೊಸ ಆಯಿಲನ್ನು ಪಂಪಿನಿಂದಲೋ, ಮೇಲಿನಿಂದ ಉದ್ದ ಪೈಪು ಇಳಿಬಿಟ್ಟು ಆಲಿಕೆಯಿಂದಲೋ ಹಾಕಿ, ಫಿಲ್ಲರ್ ರಂಧ್ರದಿಂದ ಸಣ್ಣಗೆ ಹೊರಗೆ ಹರಿಯತೊಡಗಿದಾಗ ನಿಲ್ಲಿಸುತ್ತಾರೆ. ಮಟ್ಟದ ರಂಧ್ರವಿಲ್ಲದ ಗೇರ್‌ಬಾಕ್ಸಾದರೆ ಅಳೆದೇ ಹಾಕಬೇಕು. ಕಡಿಮೆಯಾದರೆ ಮೊದಲು ಒಣಗುವುದು ಹಲವು ಕಾರುಗಳಲ್ಲಿ ಐದನೇ ಗೇರು, ಏಕೆಂದರೆ ಅದು ಕೊನೆಯ ಮುಚ್ಚಳದೊಳಗೆ ಒಂಟಿಯಾಗಿ ಕೂತಿರುತ್ತದೆ. ಹೆಚ್ಚಾದರೆ ನೊರೆಯೆದ್ದು ಬ್ರೀದರಿನಿಂದಲೋ (ಒಳಗಿನ ಗಾಳಿ ಹೋಗಿಬರುವ ಕಿಂಡಿ) ಡ್ರೈವ್ ಶಾಫ್ಟ್ ಸೀಲಿನಿಂದಲೋ ಹೊರಬರುತ್ತದೆ.

ಬ್ರೀದರ್ ಎಂದಾಗ ಮಳೆಗಾಲದ ಒಂದು ಮಾತು. ಬೆಂಗಳೂರಿನ ಅಂಡರ್‌ಪಾಸ್‌ಗಳಲ್ಲಿ ನಿಂತ ನೀರಿಗೆ ಬಿಸಿ ಗೇರ್‌ಬಾಕ್ಸ್ ಇಳಿದರೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆತ ಕಾಫಿಯಂತಾಗಿದ್ದರೆ ಕಿಲೋಮೀಟರ್ ಲೆಕ್ಕ ನೋಡದೆ ಅಂದೇ ಬದಲಿಸಬೇಕು.

ಆಯಿಲ್ ಬದಲಿಸಿಯೂ ಸರಿಹೋಗದ ತಕರಾರುಗಳಿಗೆ ಇನ್ನೂ ದುಬಾರಿ ಡಬ್ಬಿ ತರಬೇಡಿ. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಸಲೀಸಾಗಿ ಬಿದ್ದು, ಸ್ಟಾರ್ಟ್ ಮಾಡಿದಾಗ ಮಾತ್ರ ಕಚ್ಚುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ನ್ಯೂಟ್ರಲ್‌ನಲ್ಲಿ ಗೊರಗೊರ ಎಂದು, ಕ್ಲಚ್ ತುಳಿದೊಡನೆ ಸುಮ್ಮನಾದರೆ ಇನ್‌ಪುಟ್ ಶಾಫ್ಟ್ ಬೇರಿಂಗನ್ನು ಅನುಮಾನಿಸಿ. ಅಲ್ಲಿ ಗಟ್ಟಿ ಆಯಿಲ್ ಸದ್ದನ್ನು ಮುಚ್ಚುತ್ತದೆ, ಬೇರಿಂಗನ್ನು ಉಳಿಸುವುದಿಲ್ಲ. ರಿವರ್ಸ್‌ಗೆ ಎಷ್ಟೋ ಗೇರ್‌ಬಾಕ್ಸುಗಳಲ್ಲಿ ಸಿಂಕ್ರೊ ರಿಂಗೇ ಇರುವುದಿಲ್ಲ. ಕ್ಲಚ್ ತುಳಿದು ಎರಡು ಮೂರು ಸೆಕೆಂಡ್ ಕಾದು ಹಾಕಿದರೆ ಸದ್ದು ನಿಲ್ಲುತ್ತದೆ, ಅದಕ್ಕೆ ಯಾವ ಆಯಿಲೂ ಬೇಕಿಲ್ಲ.