1,38,000 ಕಿ.ಮೀ. ಓಡಿದ ವ್ಯಾಗನ್ ಆರ್‌ಗೆ ಸಿಂಥೆಟಿಕ್ ಆಯಿಲ್: 41,000 ಕಿ.ಮೀ. ಬಳಸಿದ ಮೇಲೆ

ಗಾಡಿ 2011ರ ವ್ಯಾಗನ್ ಆರ್, ಪೆಟ್ರೋಲ್, ಕೆ10ಬಿ ಇಂಜಿನ್. ಊರು ವಿಜಯಪುರ. ಓಡಾಟ ಸೊಲ್ಲಾಪುರ ಹೆದ್ದಾರಿ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಗೆ, ಉಳಿದದ್ದು ಊರೊಳಗೆ. 1,38,000ದವರೆಗೆ ಇಂಜಿನ್ ಆಯಿಲ್ ಮಿನರಲ್ (ಕಚ್ಚಾ ತೈಲ ಸೋಸಿ ಮಾಡಿದ ಮಾಮೂಲಿ ಆಯಿಲ್) 20ಡಬ್ಲ್ಯು-50, ಪ್ರತಿ 5,000 ಕಿ.ಮೀ.ಗೆ ಬದಲಿ. ಅಲ್ಲಿಂದ ಈಚೆಗೆ ಪೂರ್ತಿ ಸಿಂಥೆಟಿಕ್ (ರಾಸಾಯನಿಕ ವಿಧಾನದಲ್ಲಿ ತಯಾರಿಸಿದ ಆಯಿಲ್) 5ಡಬ್ಲ್ಯು-40, ಹೆಚ್ಚಾಗಿ ಮೊಬಿಲ್ ಸೂಪರ್ 3000. ಈಗ ಮೀಟರ್ 1,79,000 ತೋರಿಸುತ್ತಿದೆ. ಇಂಜಿನ್ ಬಿಚ್ಚಿಲ್ಲ.

"ಹಳೇ ಗಾಡಿಗೆ ಸಿಂಥೆಟಿಕ್ ಹಾಕಿದ್ರ ಸೋರತೈತ್ರಿ" ಎಂದು ನಮ್ಮ ಕಡೆ ಮಿಸ್ತ್ರಿಗಳು ಹೇಳುವುದು ಪೂರ್ತಿ ಸುಳ್ಳಲ್ಲ. ಹತ್ತು ವರ್ಷದ ಬಿಸಿಗೆ ಸೀಲ್ ಮತ್ತು ಗ್ಯಾಸ್ಕೆಟ್‌ಗಳ ರಬ್ಬರ್ ಗಟ್ಟಿಯಾಗಿ ಅಂಚಿನಲ್ಲಿ ಸಣ್ಣ ಸೀಳು ಬಿಟ್ಟಿರುತ್ತದೆ. ಆ ಸೀಳನ್ನು ಹಳೇ ಜಿಡ್ಡು ಮುಚ್ಚಿ ಹಿಡಿದಿರುತ್ತದೆ. ಹೊಸ ಆಯಿಲ್ ಜಿಡ್ಡು ತೊಳೆದಾಗ ಮೊದಲೇ ಇದ್ದ ಸೀಳು ಕಣ್ಣಿಗೆ ಬೀಳುತ್ತದೆ. ಮೊದಲ ಕಾಲದ ಸಿಂಥೆಟಿಕ್‌ಗಳು ರಬ್ಬರ್ ಕುಗ್ಗಿಸುತ್ತಿದ್ದವು ಎಂಬುದೂ ನಿಜ. ಈಗಿನವುಗಳಲ್ಲಿ ಸೀಲ್ ಮೆದುವಾಗಿಡುವ ಅಂಶ ಬೆರೆಸಿಯೇ ಕೊಡುತ್ತಾರೆ.

ಸೋರಿಕೆಗೆ ಇನ್ನೊಂದು ಕಾರಣವನ್ನು ಬಹಳ ಗ್ಯಾರೇಜ್‌ಗಳು ನೋಡುವುದೇ ಇಲ್ಲ: ಪಿಸಿವಿ ವಾಲ್ವ್. ಇಂಜಿನ್ ಒಳಗಿನ ಹೊಗೆಯನ್ನು ಇನ್‌ಟೇಕ್‌ಗೆ ಕಳಿಸುವ ಈ ಚಿಕ್ಕ ವಾಲ್ವ್ ಜಿಡ್ಡು ಕಟ್ಟಿ ಕೂತರೆ ಒಳಗೆ ಒತ್ತಡ ಏರಿ ಆಯಿಲ್ ಸೀಲ್‌ಗಳ ಸಂದಿಯಿಂದ ಹೊರಬರುತ್ತದೆ. ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಟಿಕ್ ಟಿಕ್ ಸದ್ದು ಬರಬೇಕು. ಬಾರದಿದ್ದರೆ ಹೊಸದು ಹಾಕಿ. ಇದನ್ನು ಬಿಟ್ಟು ಸೀಲ್ ಬದಲಿಸಿದರೆ ಹೊಸ ಸೀಲೂ ಸೋರುತ್ತದೆ.

ಆಯಿಲ್ ಕೊಳ್ಳುವ ಮೊದಲು ಆಯಿಲ್ ತುಂಬುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಒಳಗೆ ಚಹಾದ ಬಣ್ಣ ಇದ್ದರೆ ಭಯವಿಲ್ಲ. ಬಾಣಲೆಯ ತಳದಲ್ಲಿ ಹತ್ತಿದ ಜಿಡ್ಡಿನಂತೆ ಕಪ್ಪಗೆ, ಉಗುರಿನಲ್ಲಿ ಕೆರೆದರೆ ಎದ್ದು ಬರುವ ಪದರ ಇದ್ದರೆ ನೇರ ಸಿಂಥೆಟಿಕ್‌ಗೆ ಹೋಗಬೇಡಿ. 1,500 ಕಿ.ಮೀ.ಗೊಮ್ಮೆ ಎರಡು ಸಲ ಮಿನರಲ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ ಆಮೇಲೆ ಹೋಗಿ. ಡೀಸೆಲ್ ಅಥವಾ ಸೀಮೆಎಣ್ಣೆ ಹಾಕಿ ಇಂಜಿನ್ ತೊಳೆಯುವ ಪದ್ಧತಿ ಇನ್ನೂ ಇದೆ, ದಯವಿಟ್ಟು ಬೇಡ. ಡಬ್ಬಿಯಲ್ಲಿ ಬರುವ ಫ್ಲಶ್ (ಇಂಜಿನ್ ಒಳಗೆ ತೊಳೆಯುವ ದ್ರವ) ಕೂಡ ಒಂದೂವರೆ ಲಕ್ಷ ದಾಟಿದ ಇಂಜಿನ್‌ಗೆ ಬೇಡ. ದೊಡ್ಡ ಚೂರು ಒಮ್ಮೆಲೇ ಎದ್ದು ತಳದ ಜಾಲರಿಗೆ ಕೂತರೆ ಪಂಪ್‌ಗೆ ಆಯಿಲ್ ಸಿಗುವುದಿಲ್ಲ, ಬೇರಿಂಗ್ ಹೋಗುತ್ತದೆ.

ಗ್ರೇಡ್ ಆಯ್ಕೆ ಬ್ರಾಂಡ್‌ಗಿಂತ ಮುಖ್ಯ. ಡಬ್ಲ್ಯುಗಿಂತ ಮೊದಲು ಬರುವ ಅಂಕೆ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ನಂತರ ಬರುವುದು 100 ಡಿಗ್ರಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. 30 ಗ್ರೇಡ್ ಆ ಬಿಸಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ (ಆಯಿಲ್ ದಪ್ಪದ ಅಳತೆ), 40 ಗ್ರೇಡ್ 12.5ರಿಂದ 16.3. ಏಪ್ರಿಲ್, ಮೇದಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಸಂದು ಸಡಿಲಾದ ಇಂಜಿನ್‌ಗೆ 5ಡಬ್ಲ್ಯು-40 ಸರಿಹೊಂದಿದೆ. ಕಂಪನಿ ಪುಸ್ತಕದಲ್ಲಿ ಆ ಇಂಜಿನ್‌ಗೆ ಯಾವ ಗ್ರೇಡ್‌ಗಳಿಗೆ ಒಪ್ಪಿಗೆ ಇದೆ ಎಂದು ಮೊದಲು ನೋಡಿಕೊಳ್ಳಿ. ಹೊಸ ಗಾಡಿಗಳ 0ಡಬ್ಲ್ಯು-20 ಇದಕ್ಕಲ್ಲ. ಡಬ್ಬಿಯ ಮೇಲೆ ಗುಣಮಟ್ಟದ ದರ್ಜೆ ಎಪಿಐ ಎಸ್‌ಎನ್ ಅಥವಾ 2020ರಲ್ಲಿ ಬಂದ ಎಸ್‌ಪಿ ಇದ್ದರೆ ಸಾಕು. ಕಬ್ಬಿನ ಟ್ರ್ಯಾಕ್ಟರ್‌ಗೆಂದು ಬ್ಯಾರಲ್‌ನಿಂದ ಅಳೆದು ಕೊಡುವ ಲೂಸ್ ಆಯಿಲ್ ಅಗ್ಗವೆಂದು ತರಬೇಡಿ. ಅದರಲ್ಲಿ ಏನಿದೆ ಎಂದು ತಿಳಿಯುವ ದಾರಿಯೇ ಇಲ್ಲ.

ಬದಲಿಸುವ ಕೆಲಸ ಒಂದು ಗಂಟೆಯದು. ಇಂಜಿನ್ ಬೆಚ್ಚಗಾದ ಮೇಲೆ ಕೆಳಗಿನ ಬೋಲ್ಟ್ ಬಿಚ್ಚಿ 20 ನಿಮಿಷ ಪೂರ್ತಿ ಸುರಿಯಲು ಬಿಡಿ. ಹಳೇ ಫಿಲ್ಟರ್ ತೆಗೆದಾಗ ಅದರ ರಬ್ಬರ್ ರಿಂಗ್ ಅದರ ಜೊತೆಗೇ ಬಂದಿದೆಯೇ ನೋಡಿ. ಕೆಲವೊಮ್ಮೆ ಇಂಜಿನ್ ಮುಖಕ್ಕೆ ಅಂಟಿ ಉಳಿಯುತ್ತದೆ. ಕಪ್ಪಿಗೆ ಕಪ್ಪು, ಕಣ್ಣಿಗೆ ಕಾಣುವುದಿಲ್ಲ, ಬೆರಳು ಆಡಿಸಿದರೆ ಮಾತ್ರ ಸಿಗುತ್ತದೆ. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಆಯಿಲ್ ಒತ್ತಡಕ್ಕೆ ಹೊರಗೆ ಚಿಮ್ಮುತ್ತದೆ, ತಪ್ಪು ಸಿಂಥೆಟಿಕ್ ಮೇಲೆ ಬರುತ್ತದೆ. ಹೊಸ ರಿಂಗ್‌ಗೆ ಆಯಿಲ್ ಸವರಿ, ಅದು ಇಂಜಿನ್ ಮುಖಕ್ಕೆ ಮುಟ್ಟುವಷ್ಟು ಕೈಯಿಂದ ತಿರುಗಿಸಿ, ಅಲ್ಲಿಂದ ಮುಕ್ಕಾಲು ಸುತ್ತು ಬಿಗಿ ಮಾಡಿ. ಕೆಳಗಿನ ಬೋಲ್ಟ್‌ಗೆ ಪ್ರತಿ ಸಲ ಹೊಸ ವಾಶರ್. ಬಿಗಿ ಸುಮಾರು 35 ನ್ಯೂಟನ್ ಮೀಟರ್. ಉದ್ದ ಪಾನಾಕ್ಕೆ ಮೈಭಾರ ಹಾಕಿದರೆ ಥ್ರೆಡ್ ಕಿತ್ತು ಬರುತ್ತದೆ. ಫಿಲ್ಟರ್ ಸೇರಿ ಸುಮಾರು 3 ಲೀಟರ್ ಹಿಡಿಯುತ್ತದೆ. ಮೊದಲು 2.7 ಹಾಕಿ, ಒಂದು ನಿಮಿಷ ಇಂಜಿನ್ ಓಡಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ ಉಳಿದದ್ದು ತುಂಬಿ.

ಇಡೀ ಪ್ರಯೋಗದಲ್ಲಿ ತಪ್ಪಿಸಲೇಬಾರದ್ದು ಮೊದಲ ಎರಡು ಬದಲಾವಣೆ. ಮೊದಲನೆಯದು 2,500ಕ್ಕೆ, ಎರಡನೆಯದು ಅಲ್ಲಿಂದ 5,000ಕ್ಕೆ, ಆಮೇಲೆ 7,500ಕ್ಕೊಮ್ಮೆ. ಡಬ್ಬಿಯಲ್ಲಿ ಎಷ್ಟೇ ಸಾವಿರ ಬರೆದಿರಲಿ, ಹಳೇ ಇಂಜಿನ್‌ನ ಮೊದಲ ತುಂಬು ತೊಳೆಯುವ ತುಂಬು. ಆ ಮೊದಲ ಫಿಲ್ಟರ್ ಕತ್ತರಿಸಿ ಕಾಗದ ಬಿಡಿಸಿದಾಗ ಮಡಿಕೆ ಮಡಿಕೆಯಲ್ಲೂ ಕಾಫಿ ಪುಡಿಯಂಥ ಕಪ್ಪು ಕಾಳು. ಆಯಸ್ಕಾಂತ ಆಡಿಸಿದರೆ ಹತ್ತಲಿಲ್ಲ, ಅಂದರೆ ಅದು ಕಬ್ಬಿಣವಲ್ಲ, ಬಹುಶಃ ಇಂಗಾಲ. ಎರಡನೇ ಫಿಲ್ಟರ್‌ನಲ್ಲಿ ಕಾಳು ವಿರಳ. ಮೂರನೆಯದರಲ್ಲಿ ಕಾಗದ ಕಂದು ಬಣ್ಣಕ್ಕಿತ್ತು ಅಷ್ಟೇ. 2,500ಕ್ಕೆ ಬದಲಿಸದೆ 10,000 ಓಡಿಸಿದ್ದರೆ ಆ ಫಿಲ್ಟರ್ ತುಂಬಿ, ಬೈಪಾಸ್ ವಾಲ್ವ್ ತೆರೆದು, ಸೋಸದ ಆಯಿಲ್ ಬೇರಿಂಗ್‌ಗೆ ಹೋಗುವ ಅಪಾಯವಿತ್ತು.

ಫಲ ಏನು? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಬರುತ್ತಿದ್ದ, ಇಂಜಿನ್ ಒಳಗಿನ ಟೈಮಿಂಗ್ ಚೈನ್ ಸದ್ದು ಬಹುತೇಕ ನಿಂತಿದೆ. ವಾಲ್ವ್ ಒತ್ತುವ ಟ್ಯಾಪೆಟ್‌ಗಳ ಸದ್ದು ಹಾಗೇ ಇದೆ, ಅದು ಸಂದಿನ ಸಮಸ್ಯೆ, ಆಯಿಲ್‌ನಿಂದ ಹೋಗದು. ಕಡಿಮೆಯಾದಾಗ ಮೇಲಿಂದ ಸೇರಿಸುವ ಆಯಿಲ್ ಮೊದಲು 5,000ಕ್ಕೆ 600 ಮಿಲಿ ಇತ್ತು. ಸಿಂಥೆಟಿಕ್‌ನ ಮೊದಲ 2,500ರಲ್ಲೇ 350 ಮಿಲಿ ಬೇಕಾಗಿ ಸ್ವಲ್ಪ ಏರಿತು, ಈಗ 7,500ಕ್ಕೆ 600 ಮಿಲಿಗೆ ಇಳಿದು ನಿಂತಿದೆ. ಆವರೇಜ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಉಳಿತಾಯವೂ ಇಲ್ಲ: ನಮ್ಮ ಲೆಕ್ಕದಲ್ಲಿ ಮಿನರಲ್ ಮತ್ತು ಫಿಲ್ಟರ್ ಸೇರಿ ಸುಮಾರು 1,250 ರೂಪಾಯಿ, ಸಿಂಥೆಟಿಕ್ ಮತ್ತು ಫಿಲ್ಟರ್ 2,150. ಸಾವಿರ ಕಿ.ಮೀ.ಗೆ 250 ಇದ್ದದ್ದು 287 ಆಯಿತು. ಆ 37 ರೂಪಾಯಿ ಒಳಗಿನ ಸ್ವಚ್ಛತೆಯ ಬೆಲೆ, ಮತ್ತು ಅದು ಯೋಗ್ಯ ಬೆಲೆ.

ವಾಲ್ವ್ ಕವರ್ ಗ್ಯಾಸ್ಕೆಟ್ 1,44,000ಕ್ಕೆ ಜಿನುಗಲು ಶುರುವಾಯಿತು, ಬದಲಿಸಿದ ಮೇಲೆ ಒಣಗಿದೆ. ಇಂಜಿನ್ ಮುಂಭಾಗದ ಕ್ರ್ಯಾಂಕ್ ಸೀಲ್ ಈಗ ಸ್ವಲ್ಪ ತೇವ, ಹನಿ ಬೀಳುತ್ತಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆ ರಸ್ತೆಗಳಲ್ಲಿ ಓಡಾಡುವವರು 7,500ಕ್ಕೆ ಕಾಯದೆ 5,000ಕ್ಕೇ ಬದಲಿಸಿ, ಏರ್ ಫಿಲ್ಟರ್ ತಿಂಗಳಿಗೊಮ್ಮೆ ತೆಗೆದು ನೋಡಿ. ಏರ್ ಫಿಲ್ಟರ್‌ನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪ್ ಬಿರಿದಿದ್ದರೆ ಧೂಳು ನೇರ ಸಿಲಿಂಡರ್‌ಗೆ. ಯಾವ ಆಯಿಲ್ ಕೂಡ ಅದನ್ನು ತಡೆಯದು. ಖಾಲಿ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು, ಲೇಬಲ್ ಹರಿದೇ ಗುಜರಿಗೆ ಹಾಕಿ. ಗಟ್ಟಿ ಡಬ್ಬಿಯೇ ನಕಲಿ ಆಯಿಲ್ ತುಂಬುವವರಿಗೆ ಬೇಕಾದದ್ದು.

ಸಾವಿರ ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುವ ಗಾಡಿಗೆ ಸಿಂಥೆಟಿಕ್ ಹಾಕಬೇಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಹೋಗಿದೆ, ಎಕ್ಸಲೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಅವು ರಿಪೇರಿ ಆಗುವವರೆಗೆ 20ಡಬ್ಲ್ಯು-50ಯಲ್ಲೇ ಓಡಿಸಿ.