ಎಚ್ಚರಿಕೆ: ಆಕ್ಸಿಲರೇಟರ್ ಮುಚ್ಚಿಟ್ಟು ಅಳೆದ ಕಂಪ್ರೆಶನ್ ನಂಬಿ ಚೇತಕ್ ಎಂಜಿನ್ ಬಿಚ್ಚಿಸಬೇಡಿ

ನಮ್ಮ ತಂದೆಯವರು ಬುಕ್ ಮಾಡಿ, ವರ್ಷಗಟ್ಟಲೆ ಕಾದು, 1984ರಲ್ಲಿ ಮನೆಗೆ ತಂದ ಬಜಾಜ್ ಚೇತಕ್‌ನ ಮೂಲ ಬೋರನ್ನು, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆಯನ್ನು, ನಾನೇ ಒಪ್ಪಿಗೆ ಕೊಟ್ಟು ಹಾಳುಮಾಡಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ, ಏಕೆಂದರೆ ಅದೇ ಕಂಪ್ರೆಶನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮಾಪಕ) ತೋರಿಸಿ, ಅದೇ ಮಾತು ಹೇಳಿ ಇನ್ನೊಬ್ಬರ ಎಂಜಿನ್ ಬಿಚ್ಚುವ ಮೊದಲು ಅವರಿಗೆ ಇದು ಗೊತ್ತಾಗಬೇಕು.

ಗಾಡಿಗೆ ಇದ್ದ ತೊಂದರೆ ಒಂದೇ. ಬೆಳಿಗ್ಗೆ ಚೋಕ್ ಎಳೆದು, ಒಮ್ಮೆ ಬದಿಗೆ ಬಾಗಿಸಿ ಒದ್ದರೆ ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು. ಎಂಟು ಹತ್ತು ಕಿಲೋಮೀಟರ್ ಓಡಿಸಿ ಪೆಟ್ರೋಲ್ ಬಂಕ್‌ನಲ್ಲಿ ಆಫ್ ಮಾಡಿದರೆ, ಎಂಜಿನ್ ಆರುವವರೆಗೆ, ಅಂದರೆ ಸುಮಾರು ಅರ್ಧ ಗಂಟೆ, ಎಷ್ಟು ಒದ್ದರೂ ಹತ್ತುತ್ತಿರಲಿಲ್ಲ. ಓಡುವಾಗ ಮಾತ್ರ ಬಲ ಕುಂದಿರಲಿಲ್ಲ, ಇಬ್ಬರನ್ನು ಹೊತ್ತು ಚಾಮುಂಡಿ ಬೆಟ್ಟ ಏರುತ್ತಿತ್ತು. ಬೋರ್ ಸವೆದ ಗಾಡಿ ಹಾಗೆ ಏರುವುದಿಲ್ಲ ಎಂಬ ಸರಳ ವಿಷಯ ಆ ದಿನ ನನಗೆ ಹೊಳೆಯಲಿಲ್ಲ.

ಹಳೆಯ ಸ್ಕೂಟರ್‌ಗಳಲ್ಲಿ ಪಳಗಿದವರೆಂದು ಯಾರೋ ಹೇಳಿದ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಲಗಡೆಯ ಡೋಮ್ (ಎಂಜಿನ್ ಮುಚ್ಚುವ ಹೊದಿಕೆ) ಬಿಚ್ಚಿ, ಕಿಡಿ ಹಾರಿಸುವ ಪ್ಲಗ್ ತೆಗೆದು, ಅದರ ಜಾಗಕ್ಕೆ ಗೇಜ್ ಒತ್ತಿ ಹಿಡಿದು, ಎರಡೇ ಎರಡು ಸಲ ಕಿಕ್ ಹೊಡೆದರು. ಮುಳ್ಳು 60ಕ್ಕೆ ನಿಂತಿತು. ಅದನ್ನು ನನ್ನ ಕಣ್ಣೆದುರಿಗೇ ತಂದು, "ನೀವೇ ನೋಡಿ ಸರ್, ನೂರರ ಮೇಲಿರಬೇಕು, ಕಂಪ್ರೆಶನ್ನೇ ಇಲ್ಲ, ಬೋರ್ ಹೋಗಿದೆ" ಎಂದರು. ನಾನು ನೋಡಿದ್ದು ಮುಳ್ಳನ್ನು. ಆಕ್ಸಿಲರೇಟರ್ ಹಿಡಿಯ ಮೇಲೆ ಯಾರ ಕೈಯೂ ಇರಲಿಲ್ಲ ಎಂಬುದನ್ನು ನೋಡಲಿಲ್ಲ. ಪ್ಲಗ್ಗನ್ನು ಕೇಬಲ್‌ಗೆ ಸಿಕ್ಕಿಸಿ ಕಿಡಿ ಹೇಗಿದೆ ಎಂದು ಒಮ್ಮೆಯೂ ಪರೀಕ್ಷಿಸಲಿಲ್ಲ, ಅದನ್ನೂ ನಾನು ಕೇಳಲಿಲ್ಲ.

ಸಿಲಿಂಡರ್ ಕೊರೆಸಿ, ಓವರ್‌ಸೈಜ್ ಪಿಸ್ಟನ್ ಮತ್ತು ರಿಂಗ್ ಹಾಕಿಸಿದ್ದಕ್ಕೆ 11,800 ರೂಪಾಯಿ ಕೊಟ್ಟೆ. ನಾಲ್ಕನೇ ದಿನ ಅದೇ ಬಂಕ್‌ನಲ್ಲಿ, ಅದೇ ರೀತಿ, ಗಾಡಿ ಸ್ಟಾರ್ಟ್ ಆಗದೆ ನಿಂತಿತು.

ಫೋನ್ ಮಾಡಿದಾಗ ಬಂದ ಮೊದಲ ಉತ್ತರ, "ಹೊಸ ಬೋರ್ ಸರ್, ಇನ್ನೂ ಟೈಟ್ ಇದೆ, ಐನೂರು ಕಿಲೋಮೀಟರ್ ಓಡಿಸಿ." ಐನೂರು ಕಿಲೋಮೀಟರ್ ಓಡಿಸಿದೆ. ಎರಡನೇ ಸಲ, "ನೀವು ಆಯಿಲ್ ಜಾಸ್ತಿ ಹಾಕುತ್ತಿದ್ದೀರಿ" ಎಂದರು. ನಾನು ಹಾಕುತ್ತಿದ್ದದ್ದು ಲೀಟರ್ ಪೆಟ್ರೋಲಿಗೆ 20 ಮಿಲಿ ಮಾತ್ರ. ಮೂರನೇ ಸಲ, "ಹಳೇ ಗಾಡಿ ಸರ್, ಒಂದು ಸರಿ ಮಾಡಿದರೆ ಇನ್ನೊಂದು ಬರುತ್ತದೆ. ಗೇಜ್ ಸುಳ್ಳು ಹೇಳುತ್ತದೆಯೇ?" ಎಂದು ನನ್ನನ್ನೇ ಕೇಳಿದರು.

ಗೇಜ್ ಸುಳ್ಳು ಹೇಳಿರಲಿಲ್ಲ, ಹಿಡಿದ ಕೈ ಹೇಳಿತ್ತು. ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಹೊಸ ಬೋರಿನಲ್ಲೇ ಎರಡು ರೀತಿ ಅಳೆದು ತೋರಿಸಿದರು: ಆಕ್ಸಿಲರೇಟರ್ ಮುಚ್ಚಿ ಎರಡು ಕಿಕ್ ಹೊಡೆದಾಗ 65, ಪೂರ್ತಿ ತಿರುಗಿಸಿ ಹಿಡಿದು ಮುಳ್ಳು ಏರುವುದು ನಿಲ್ಲುವವರೆಗೆ ಒದ್ದಾಗ 115. ಆಕ್ಸಿಲರೇಟರ್ ಮುಚ್ಚಿ, ಗಾಳಿ ಒಳಗೆ ಹೋಗಲು ದಾರಿಯೇ ಇಲ್ಲದಿದ್ದರೆ ಒತ್ತಡ ಎಲ್ಲಿಂದ ಬರಬೇಕು? ಆಮೇಲೆ ಬಿಸಿ ಎಂಜಿನ್‌ನಲ್ಲಿ ಪ್ಲಗ್ ಹೊರಗಿಟ್ಟು ಕಿಕ್ ಹೊಡೆದರು. ತಣ್ಣಗಿದ್ದಾಗ ದಪ್ಪಗೆ ನೀಲಿಯಾಗಿದ್ದ ಕಿಡಿ ಈಗ ಕೂದಲೆಳೆಯಂತೆ ಕೆಂಪಾಗಿ, ಬಿಟ್ಟು ಬಿಟ್ಟು ಬರುತ್ತಿತ್ತು. ಪುಲ್ಲರ್ ಹಾಕಿ ಮ್ಯಾಗ್ನೆಟ್ ಚಕ್ರ ಕಳಚಿ ನೋಡಿದರೆ ಪಾಯಿಂಟ್ (ಕಿಡಿಗಾಗಿ ವಿದ್ಯುತ್ತನ್ನು ಕಡಿದು ಬಿಡುವ ಸ್ವಿಚ್) ಸುಟ್ಟು ಕಪ್ಪಾಗಿತ್ತು. ಬಿಸಿಯಾದಾಗ ಕೈಕೊಡುತ್ತಿದ್ದದ್ದು ಕಂಡೆನ್ಸರ್, ಅಂದರೆ ಪಾಯಿಂಟ್ ಸುಡದಂತೆ ಕಾಯುವ ಪುಟ್ಟ ಬಿಡಿಭಾಗ. ಅದನ್ನೂ ಪಾಯಿಂಟ್ ಸೆಟ್ಟನ್ನೂ ಬದಲಿಸಲು ಕೂಲಿ ಸೇರಿ 650 ರೂಪಾಯಿ. ಈಗ ಬಿಸಿಯಲ್ಲೂ ಮೊದಲ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ.

ದಯವಿಟ್ಟು ಮೊದಲು ಕಿಡಿ ನೋಡಿಸಿ, ಅದೂ ಎಂಜಿನ್ ಬಿಸಿಯಿರುವಾಗ. ಕಂಪ್ರೆಶನ್ ಅಳೆಯುವಾಗ ಆಕ್ಸಿಲರೇಟರನ್ನು ನೀವೇ ಪೂರ್ತಿ ತಿರುಗಿಸಿ ಹಿಡಿಯಿರಿ. ಒತ್ತಡ ಆಗಲೂ ಕಡಿಮೆ ಬಂದರೆ ಪ್ಲಗ್ ರಂಧ್ರದಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಸಿ. ಮುಳ್ಳು ಮೇಲೇರಿದರೆ ಮಾತ್ರ ರಿಂಗ್ ಮತ್ತು ಬೋರಿನ ಮಾತು ಒಪ್ಪಿಕೊಳ್ಳಿ. ಕಳಚಿದ ಭಾಗಗಳನ್ನು ಅಲ್ಲೇ ನಿಂತು ವಾಪಸ್ ಕೇಳಿ ಪಡೆಯಿರಿ.

ನನ್ನ 57 ಮಿಲಿಮೀಟರ್ ಒಳವ್ಯಾಸದ ಸಿಲಿಂಡರ್ ಇನ್ನು 57 ಆಗಿ ಉಳಿದಿಲ್ಲ, ಕೊರೆದ ಕಬ್ಬಿಣ ಮರಳಿ ಬರುವುದಿಲ್ಲ. ಹಳೆಯ ಪಿಸ್ಟನ್ ನಿಜವಾಗಿಯೂ ಸವೆದಿತ್ತೇ ಎಂದು ನೋಡೋಣವೆಂದು ಕೊನೆಯ ಸಲ ಆ ಗ್ಯಾರೇಜಿಗೆ ಹೋದಾಗ, "ಅದು ಅವತ್ತೇ ಗುಜರಿಗೆ ಹೋಯಿತು" ಎಂದು ತಲೆ ಎತ್ತದೆ ಉತ್ತರ ಕೊಟ್ಟರು.